ಎರಡು ಸೀಟಿನ ವಿಮಾನ

ಆಫೀಸಿನವರು ಅವನಿಗೆ ನಿಖರಪ್ಪ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಾಲಂ ಖಾಲಿ ಬಿಡುವ ಆಸಾಮಿಯೇ ಅಲ್ಲ ಅವನು. ಅದರಲ್ಲಿ ಸುಳ್ಳು ತುಂಬುವುದಂತೂ ದೂರದ ಮಾತು. ಯಾವ ಕಂಪನಿಯ ಯಾವ ವಿಮಾನಕ್ಕೆ ಎಷ್ಟು ವಯಸ್ಸು, ಈಗ ಎಲ್ಲಿ ನಿಂತಿದೆ ಎಂದು ಲೋಕಕ್ಕೆಲ್ಲ ತಿಳಿಸುವ ಸಾಫ್ಟ್‌ವೇರ್ ಅವರದು. ಅವತ್ತು ಬೆಳಿಗ್ಗೆ ಅದರ ಹೊಸ ಆವೃತ್ತಿ ಬಂದಿತ್ತು.

"ಎಲ್ರೂ ಒಂದೊಂದು ಪರೀಕ್ಷಾ ವಿಮಾನ ಸೇರಿಸಿ ನೋಡ್ರಪ್ಪ," ಎಂದರು ಮ್ಯಾನೇಜರು. "ಬಾಯಿಗೆ ಬಂದದ್ದು ತುಂಬಿ. 'ಪರೀಕ್ಷೆ' ಅಂತ ಟಿಕ್ ಹಾಕೋದು ಮಾತ್ರ ಮರೀಬೇಡಿ. ಇನ್ಮೇಲೆ ನಾವು ಏನು ಬದಲಾಯಿಸಿದ್ರೂ ಹಳೇ ವಿಮಾನ ಕೊಳ್ಳೋ ಗಿರಾಕಿಗಳಿಗೆ ಆ ಕ್ಷಣಾನೇ ಹೋಗತ್ತೆ. ಸಂಜೆ ದೊಡ್ಡ ಸಾಹೇಬ್ರು ಬರ್ತಾರೆ. ಪಟ್ಟೀಲಿ ಒಂದು ತಪ್ಪು ಸಿಕ್ತೋ, ಮಾಡಿದವರು ನಾಳೆಯಿಂದ ಮನೇಲೇ ಇರಬಹುದು."

ಪಕ್ಕದ ಮೇಜಿನ ಅಕ್ಕ ಏಳು ರೆಕ್ಕೆಯ ವಿಮಾನವೊಂದನ್ನು ಸೃಷ್ಟಿಸಿ, ಟಿಕ್ ಹಾಕಿ, ಕಾಫಿಗೆ ಎದ್ದು ಹೋದಳು. ನಿಖರಪ್ಪನಿಗೆ ಅದು ಎಲ್ಲಿಂದ ಸಾಧ್ಯ? ಇಲ್ಲದ್ದನ್ನು ಇದೆ ಎಂದು ಬರೆಯಲು ಅವನ ಬೆರಳೇ ಓಡದು. ಯೋಚಿಸಿ ಯೋಚಿಸಿ, ತನಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಾಹನವನ್ನು ತುಂಬಿದ: ತನ್ನ ಸ್ಕೂಟರು.

ಆ ಸ್ಕೂಟರೆಂದರೆ ಅವನಿಗೆ ಪ್ರಾಣ. ದಿನಾ ಬೆಳಿಗ್ಗೆ ಅದರ ಸೀಟು ಸವರಿ ಎರಡು ಮಾತಾಡಿಸದೆ ಹೊರಟವನಲ್ಲ. "ಒಂದೋ ಅದಿರಬೇಕು, ಇಲ್ಲ ನಾನಿರಬೇಕು" ಎಂದು ಹೇಳಿ ಹೇಳಿ ಸೋತ ಹೆಂಡತಿ ಈಗ ಬಸ್ಸಿನಲ್ಲೇ ಓಡಾಡುತ್ತಿದ್ದಳು.

ಎಂಜಿನ್ ಒಂದು. ಸೀಟು ಎರಡು. ವಯಸ್ಸು ಇಪ್ಪತ್ತೊಂಬತ್ತು. ಮಾಲೀಕ ಒಬ್ಬನೇ. ನಂಬರ್ ಪ್ಲೇಟಿನ ಸಂಖ್ಯೆಯನ್ನೂ ಬಿಡಲಿಲ್ಲ. ನಿಂತಿರುವ ಜಾಗ: ಆಫೀಸಿನ ಹಿಂದಿನ ಮರದ ಕೆಳಗೆ. 'ಒಪ್ಪಿಗೆ ಕೊಡುವವರು' ಎಂಬ ಕಾಲಮ್ಮಿಗೆ ಬಂದಾಗ ತುಸು ತಡೆದ. ಮನೆಯಲ್ಲಿ ಎಲ್ಲದಕ್ಕೂ ಒಪ್ಪಿಗೆ ಕೊಡುವವಳು ಹೆಂಡತಿಯೇ. ಸತ್ಯಕ್ಕೆ ತಪ್ಪದೆ ಅವಳ ಫೋನ್ ನಂಬರ್ ಹಾಕಿದ. ಕೊನೆಗೆ 'ಪರೀಕ್ಷೆ' ಟಿಕ್. ಅದಕ್ಕೆ ಮಾತ್ರ ಕೈ ಬರಲಿಲ್ಲ. ಕಣ್ಣೆದುರು ನಿಂತಿರುವ ಗಾಡಿಯನ್ನು ಸುಳ್ಳೆನ್ನುವುದು ಹೇಗೆ?

ಅರ್ಧ ಗಂಟೆಯಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಯಾರೋ ಗಿರಾಕಿ.

"ಎರಡು ಸೀಟಿಂದು ನೋಡ್ದೆ ಸಾರ್. ಇಪ್ಪತ್ತೊಂಬತ್ತು ವರ್ಷ ಒಬ್ಬರೇ ಮಾಲೀಕರಾ? ಅಪಘಾತ ಏನಾದ್ರೂ?"

"ಒಂದ್ಸಲ ನಾಯಿ ಅಡ್ಡ ಬಂದಿತ್ತು," ಎಂದ ನಿಖರಪ್ಪ, ಮುಚ್ಚಿಡಲಾಗದೆ.

"ರನ್‌ವೇಲಾ?"

"ಅಲ್ಲ, ತರಕಾರಿ ಮಾರ್ಕೆಟ್ ಹತ್ರ."

ಗಿರಾಕಿ ಕಿರುಚಿಯೇಬಿಟ್ಟ. "ಮಾರ್ಕೆಟ್ ಹತ್ರ ಇಳಿಸಬಹುದಾ ಅದನ್ನ!"

"ದಿನಾ ಅಲ್ಲೇ ಇಳೀತೀನಿ."

ಮಾತು ಬಾಯಿಂದ ಜಾರಿದ ಮೇಲೆ ನಿಖರಪ್ಪನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಫೋನು ಇಟ್ಟ. ಮತ್ತೆ ಬಡಿಯಿತು. ಅಷ್ಟರಲ್ಲಿ ಮ್ಯಾನೇಜರು ಕುಣಿಯುತ್ತಲೇ ಬಂದರು. "ಯಾವ್ದೋ ಪುಟಾಣಿ ವಿಮಾನಕ್ಕೆ ಫೋನ್ ಮೇಲೆ ಫೋನ್ ಕಣ್ರೀ! ಸಾಹೇಬ್ರಿಗೆ ಮೊದಲು ಅದನ್ನೇ ತೋರಿಸೋಣ!"

ಅವರು ಅತ್ತ ಹೋದದ್ದೇ ತಡ, ಇವನು ಅಕ್ಕನ ಮೇಜಿಗೆ ಓಡಿದ. "ಅಕ್ಕಾ, ಅದು ನನ್ನ ಸ್ಕೂಟರು! ಹೇಗಾದ್ರೂ ಅಳಿಸಿಕೊಡು!"

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಹೇಳಿದಳು: "ಅಳಿಸೋ ಗುಂಡೀನೇ ಕಿತ್ತು ಹಾಕಿದ್ದಾರಲ್ಲೋ ಈ ಸಲ. ಈಗ ಟಿಕ್ ಹಾಕೋಕೂ ಬಿಡಲ್ಲ. 'ಗುಜರಿಗೆ' ಅಂತ ಹಾಕಿಬಿಡು. ಗುಜರಿಗೆ ಹೋದ ವಿಮಾನ ಪಟ್ಟೀಲಿ ಕಾಣಲ್ಲ, ಯಾರೂ ಕೇಳಲ್ಲ."

"ಅದು ಸುಳ್ಳಲ್ವಾ ಅಕ್ಕ?"

"ಅಯ್ಯೋ ಮಾರಾಯ, ಕೆಲಸ ಬೇಕೋ ಬೇಡ್ವೋ?"

ನಿಖರಪ್ಪ ಕಣ್ಣು ಮುಚ್ಚಿಕೊಂಡು ಒತ್ತಿಬಿಟ್ಟ. ಅವನ ಜನ್ಮದಲ್ಲಿ ಅದೇ ಮೊದಲ ಸುಳ್ಳು.

ಸಂಜೆ ದೊಡ್ಡ ಸಾಹೇಬರು ಪಟ್ಟಿಯನ್ನು ಜಾಲಾಡಿದರು. ಪುಟಾಣಿ ವಿಮಾನ ಕಾಣದೆ ಮ್ಯಾನೇಜರು ತಲೆ ಕೆರೆದುಕೊಂಡರಷ್ಟೆ. ಒಂದು ತಪ್ಪೂ ಸಿಗದೆ ಸಾಹೇಬರು ಎಲ್ಲರ ಬೆನ್ನು ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ನಿಖರಪ್ಪ ಹಾಡು ಗುನುಗುತ್ತ ಮೆಟ್ಟಿಲಿಳಿದ.

ಮರದ ಕೆಳಗೆ ಒಂದು ಎಣ್ಣೆಯ ಕಲೆ ಮಾತ್ರ ಇತ್ತು.

"ನನ್ನ ಸ್ಕೂಟರ್ ಎಲ್ಲಿ?" ಎಂದು ಕೂಗಿಕೊಂಡ.

ವಾಚ್‌ಮನ್ ಸೆಲ್ಯೂಟ್ ಹೊಡೆದ. "ಏರ್‌ಪೋರ್ಟ್ ಪಕ್ಕದ ಗುಜರಿಯವರು, ನಿಮ್ಮ ಆಫೀಸಿಂದ ಸಂದೇಶ ಬಂತು ಅಂತ ಕ್ರೇನ್ ಲಾರಿ ತಂದಿದ್ರು ಸಾರ್. ಮರದ ಕೆಳಗಿನ ವಿಮಾನ ಎಲ್ಲಿ ಅಂದ್ರು. ಇಲ್ಲಿರೋದು ಇದೊಂದೇ ಅಂದೆ. ನಂಬರ್ ತಾಳೆ ನೋಡಿದ್ರು, ಸರಿಯಾಗೇ ಇತ್ತು. ಆದ್ರೂ ನಾನು ಸುಮ್ನೆ ಬಿಡ್ತೀನಾ? ಒಪ್ಪಿಗೆ ಇದೆಯಾ ಅಂದೆ. 'ಒಪ್ಪಿಗೆ ಕೊಡುವವರು' ಅಂತಿದ್ದ ನಂಬರಿಗೆ ಫೋನ್ ಮಾಡಿದ್ರು. ಅಮ್ಮಾವ್ರು ಮೂರು ಸಲ 'ತಗೊಂಡ್ಹೋಗಿ' ಅಂದ್ರು ಸಾರ್. ಇಲ್ಲೀವರೆಗೂ ಕೇಳಿಸ್ತು."

ನಿಖರಪ್ಪ ಕಾಲೆಳೆದುಕೊಂಡು ಬಸ್ ಸ್ಟಾಪಿಗೆ ಬಂದ. ಬಂದ ಮೊದಲ ಬಸ್ಸಿನ ಕಿಟಕಿಯಿಂದಲೇ ಹೆಂಡತಿ ಕೈಬೀಸಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು.

"ಬನ್ನಿ ಬನ್ನಿ, ಸೀಟ್ ಹಿಡಿದಿದೀನಿ! ನಿಮ್ಮ ಆಫೀಸಿನವರು ಎಷ್ಟು ಒಳ್ಳೆಯವರು ರೀ. ನನ್ನ ಮಾತು ನೀವು ಒಂದಿನಾನೂ ಕೇಳಲಿಲ್ಲ. ಅವರು ಒಂದೇ ದಿನದಲ್ಲಿ ಮಾಡಿಸಿಬಿಟ್ರು ನೋಡಿ!"

ಅವಳ ಪಕ್ಕ ಕುಸಿದು ಕೂತಾಗ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಹೊಸ ಆವೃತ್ತಿ ತಾನಾಗಿಯೇ ಕಳಿಸಿದ ಸಂದೇಶ: 'ವಾಹನ ಗುಜರಿ ತಲುಪಿದೆ. ಬಿಡಿಭಾಗ ಬಿಚ್ಚಲಾಗಿದೆ. ನೀವು ನೀಡಿದ ಮಾಹಿತಿ ಸಂಪೂರ್ಣ ಸತ್ಯ. ಧನ್ಯವಾದ.'