ಕಣ್ಣು ಮುಚ್ಚಿ ಮಾಡುವ ಕರೆಂಟ್ ಕೆಲಸ

ನಮ್ಮ ಚಿಕ್ಕಪ್ಪನನ್ನು ಕೆಲಸಕ್ಕೆ ಕರೆಯುವವರಿಗೆ ಗುಂಡಿಗೆ ಗಟ್ಟಿಯಿರಬೇಕು! ಚಾಮರಾಜಪೇಟೆಯಲ್ಲಿ ಅವರಷ್ಟು ಒಳ್ಳೆಯ ಎಲೆಕ್ಟ್ರಿಷಿಯನ್ ಇನ್ನೊಬ್ಬರಿಲ್ಲ, ಒಪ್ಪುತ್ತೇನೆ. ಆದರೆ ಅರವತ್ತು ದಾಟಿದ ಮನುಷ್ಯ ಕಣ್ಣು ಮುಚ್ಚಿಕೊಂಡು ಮೀಟರ್ ಬೋರ್ಡಿಗೆ ಕೈ ಹಾಕುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅದು ಪ್ರಾರ್ಥನೆ. ಬೋರ್ಡಿನ ಮೇಲೆ ಕೈಯಿಟ್ಟು ಯೇಸುಸ್ವಾಮಿಗೆ ಒಂದು ಮಾತು ಹೇಳದೆ ಅವರು ಸ್ಕ್ರೂ ಕೂಡ ಬಿಚ್ಚುವುದಿಲ್ಲ. ತುಟಿ ಮಾತ್ರ ಅದುರುತ್ತಿರುತ್ತದೆ, ಮಿಕ್ಕಂತೆ ಮರದ ಕೊರಡು! ಬಸವನಗುಡಿಯ ಅಜ್ಜಿಯೊಬ್ಬರು ಮೊದಲ ಸಲ ಇದನ್ನು ನೋಡಿದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟ ಬಿಸಾಡಿ, ಬಟ್ಟೆ ಒಣಹಾಕುವ ಬಿದಿರುಕೋಲಿನಿಂದ ಚಿಕ್ಕಪ್ಪನಿಗೆ ಬಾರಿಸಿಯೇಬಿಟ್ಟರು.

"ಅಯ್ಯೋ, ಶಾಕ್ ಹೊಡೀತಿದೆ! ಯಾರಾದ್ರೂ ಬನ್ರೋ!"

"ಅಮ್ಮಾ, ಪ್ರಾರ್ಥನೆ ಮಾಡ್ತಿದ್ದೆ..."

"ಮೊದಲೇ ಹೇಳ್ಬಾರ್ದೇನಪ್ಪಾ?"

"ಹೇಳೋಕೆ ನೀವೆಲ್ಲಿ ಬಿಟ್ರಿ!"

ಮಲ್ಲೇಶ್ವರಂ ಕಥೆ ಬೇರೆ. ಗೋಡೆಯೊಳಗೆ ಮುಚ್ಚಿಹೋಗುವ ವೈರನ್ನು ಚಿಕ್ಕಪ್ಪ ಬಿಚ್ಚಿ ಬಿಚ್ಚಿ ಮತ್ತೆ ಎಳೆಯುತ್ತಿದ್ದರು. ಮನೆಯವರಿಗೆ ತಾಳ್ಮೆ ತಪ್ಪಿತು.

"ಪ್ಲಾಸ್ಟರ್ ಆದ್ಮೇಲೆ ಇದನ್ನ ಯಾರ್ರೀ ನೋಡ್ತಾರೆ?"

"ನಮ್ಮ ಯಜಮಾನರು ನೋಡ್ತಾರೆ."

ಪಾಪ, ಮನೆಯವರು ಯಜಮಾನರಿಗೂ ಸೇರಿಸಿ ಉಪ್ಪಿಟ್ಟು ಮಾಡಿಸಿ ಸಂಜೆಯವರೆಗೆ ಕಾದರು. "ಯಾವಾಗ ಬರ್ತಾರೆ ನಿಮ್ಮ ಯಜಮಾನ್ರು?" ಎಂದರೆ ಚಿಕ್ಕಪ್ಪ ಮೇಲೆ ನೋಡಿ, "ನಾವೂ ಎರಡು ಸಾವಿರ ವರ್ಷದಿಂದ ಕಾಯ್ತಾನೇ ಇದೀವಿ ಸಾರ್!" ಅನ್ನಬೇಕೆ? ಉಪ್ಪಿಟ್ಟು ಸಹಾಯಕ್ಕೆ ಹೋಗಿದ್ದ ನನ್ನ ಪಾಲಾಯಿತು.

ಮೊನ್ನೆ ಮಾತ್ರ ನಗುವ ಹಾಗಿರಲಿಲ್ಲ. ಆ ಬಸವನಗುಡಿಯ ಅಜ್ಜಿಯ ಗಂಡ ಹಾಸಿಗೆ ಹಿಡಿದು ತಿಂಗಳುಗಳಾಗಿವೆ. ಕರೆಂಟಿನ ಆಕ್ಸಿಜನ್ ಮಷೀನು ಓಡಿದರೆ ಅವರಿಗೆ ಉಸಿರು. ಅವತ್ತು ಮಧ್ಯಾಹ್ನ ಇಡೀ ಬಡಾವಣೆಗೆ ಕರೆಂಟ್ ಇಲ್ಲ. ಮನೆಯ ಯುಪಿಎಸ್ಸೂ ಸುಟ್ಟ ವಾಸನೆ ಬಿಟ್ಟು ಸುಮ್ಮನಾಗಿತ್ತು. ಆಪತ್ತಿಗೆಂದು ಇಟ್ಟಿದ್ದ ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು. ಆಂಬುಲೆನ್ಸ್ ಇನ್ನೂ ಮೆಜೆಸ್ಟಿಕ್ ಟ್ರಾಫಿಕ್ಕಿನಲ್ಲಿ. ಅಜ್ಜಿಯ ಫೋನು ಬಂದಿದ್ದೇ ಚಿಕ್ಕಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಿದೆ.

ಯುಪಿಎಸ್ಸಿಗೆ ಬ್ಯಾಟರಿಯಿಂದ ಬರುವ ವೈರಿನ ತುದಿ ಸುಟ್ಟು ಕರಕಲಾಗಿತ್ತು.

"ಸದ್ಯಕ್ಕೆ ಹಾಗೇ ಸುತ್ತಿ ಸೇರಿಸ್ಬಿಡಿ ಸಾರ್, ಆಮೇಲೆ ನೋಡ್ಕೊಳ್ಳೋಣ!" ಎಂದು ಅಜ್ಜಿಯ ಮಗ ಅಂಗಲಾಚಿದರು.

"ಅದು ನಿಲ್ಲಲ್ಲ. ಇನ್ನೊಂದ್ಸಲ ಸುಟ್ರೆ ಮಷೀನೂ ಹೋಗತ್ತೆ," ಎಂದ ಚಿಕ್ಕಪ್ಪ ನನ್ನತ್ತ ತಿರುಗಿ, "ಟಾರ್ಚ್ ನೆಟ್ಟಗೆ ಹಿಡಿಯೋ," ಎಂದು ಗದರಿದರು.

ಕರಕಲನ್ನು ಕತ್ತರಿಸಿದರು. ಹೊಸ ತುದಿ ಹಾಕಿ ಬಿಗಿದರು. ಎಳೆದು ನೋಡಿದರು. ಸಮಾಧಾನವಾಗದೆ ಮತ್ತೆ ಬಿಚ್ಚಿದರು! ಒಳಗಿನ ಕೋಣೆಯಿಂದ ತಾತನ ಉಸಿರು ಗೊರಗೊರ ಕೇಳುತ್ತಿತ್ತು. ಈ ಮನುಷ್ಯನ ಅಚ್ಚುಕಟ್ಟುತನಕ್ಕೆ ಒಂದು ಜೀವ ಹೋಗುತ್ತದಲ್ಲ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಚಿಕ್ಕಪ್ಪಾ, ಸಾಕು!" ಎಂದು ಕೂಗಿಯೇಬಿಟ್ಟೆ. ಅವರು ತಲೆ ಎತ್ತಲಿಲ್ಲ. ಮತ್ತೆ ಬಿಗಿದರು, ಎಳೆದು ನೋಡಿದರು, ಸ್ವಿಚ್ ಒತ್ತಿದರು.

ಮಷೀನು ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ತಾತನ ಉಸಿರು ಹದಕ್ಕೆ ಬಂತು.

ಆಗ ನೋಡಿ, ಚಿಕ್ಕಪ್ಪ ನೆಲದ ಮೇಲೆ ಕುಸಿದು ಕುಳಿತರು.

"ಏನಾಯ್ತು ಚಿಕ್ಕಪ್ಪಾ?"

"ಪ್ರಾರ್ಥನೆ ಮಾಡೋದೇ ಮರೆತ್ಬಿಟ್ಟೆ ಕಣೋ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಮರೆತಿರ್ಲಿಲ್ಲ. ಒಂದು ಜೀವದ ಪ್ರಶ್ನೆ ಬಂದಾಗ ಮರೆತ್ನಲ್ಲೋ!"

ಅವರ ಕಣ್ಣು ತುಂಬಿತ್ತು. ಅಜ್ಜಿ ಬಂದು ಪಕ್ಕದಲ್ಲೇ ಕುಳಿತು, ಚಿಕ್ಕಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಳ್ಬೇಡ ಸುಮ್ನಿರು. ನಾನು ಮಾಡ್ದೆ. ಗಾಬರೀಲಿ ನಿನ್ನ ದೇವರ ಹೆಸರು ಬಾಯಿಗೆ ಬರ್ಲಿಲ್ಲ. 'ಈ ಹುಡುಗನ ದೇವರೇ, ಇವನ ಕೈ ಬಿಡ್ಬೇಡಪ್ಪಾ' ಅಂದೆ."