ಭೂಕಂಪದ ನಿಯಮವೂ ನನ್ನ ಅಡುಗೆಮನೆಯ ಕಿಟಕಿಯೂ

ನಿಯಮವೆಂದರೆ ನನಗೆ ಮೊದಲಿನಿಂದಲೂ ಭಕ್ತಿ. ತಾಂಬಾದ ಶಾಲೆಯಲ್ಲಿ ಮಾಸ್ತರನಾಗಿದ್ದಾಗ, ಉತ್ತರ ಸರಿಯಿದ್ದರೂ ಅಂಚು ಬಿಡದೆ ಬರೆದವರ ಅಂಕ ಕಳೆಯುತ್ತಿದ್ದೆ. ಇಂಥವನು ಇಂಡಿ ಊರಿನ ಕಟ್ಟಡ ಕಚೇರಿಗೆ ಗುಮಾಸ್ತನಾಗಿ ಬಂದ ಮೇಲೆ, ಎಂಜಿನಿಯರ ಸಾಹೇಬರು ಭೂಕಂಪದ ನಿಯಮಾವಳಿಯ ಇಂಗ್ಲಿಷ್ ಪುಸ್ತಕವೊಂದನ್ನು ಕೊಟ್ಟು, ಗೋಡೆ ಕಟ್ಟುವ ಗೌಂಡಿಗಳಿಗೆ ತಿಳಿಯುವಂತೆ ಅದರ ಸಾರಾಂಶವನ್ನು ಕನ್ನಡದಲ್ಲಿ ಬರೆಯಲು ಹೇಳಿದರು. ನೆಲ ಅಲುಗಿದಾಗ ಅಡ್ಡ ನೂಕನ್ನು ತಾನು ತಡೆದುಕೊಂಡು ಕಟ್ಟಡವನ್ನು ನಿಲ್ಲಿಸುವ ಗೋಡೆಗೆ ಅದರಲ್ಲಿ ‘ಶಿಯರ್ ವಾಲ್’ ಎಂದು ಹೆಸರು. ಅಂಥ ಗೋಡೆಯ ಮೂಲೆಗೆ ಹತ್ತಿರದಲ್ಲಿ ಕಿಟಕಿ ಇರಕೂಡದು. ಈ ಒಂದು ವಾಕ್ಯವನ್ನು ಒಂದು ವಾರ ತಿದ್ದಿದೆ. ಹೆಂಡತಿ ತೀರಿಕೊಂಡ ಮೇಲೆ ಸಂಜೆಗಳಿಗೇನೂ ಕೊರತೆಯಿರಲಿಲ್ಲ.

ತಲೆಯೆತ್ತಿ ನೋಡಿದರೆ, ನನ್ನದೇ ಅಡುಗೆಮನೆಯ ಕಿಟಕಿ ಮೂಲೆಯಿಂದ ಒಂದೇ ಗೇಣು! ಹಿಂದಿನ ಮನೆಯ ಮುದುಕಿ ಶಾಂತವ್ವ ದಿನಾ ಪಲ್ಯ ಕೊಡುತ್ತಿದ್ದುದೂ, ಊರ ಸುದ್ದಿ ಹೇಳುತ್ತಿದ್ದುದೂ ಅದರಿಂದಲೇ. ಶಾಲೋಟಗಿಯ ಗೌಂಡಿ ಭೀಮಪ್ಪನನ್ನು ಕರೆಸಿ ಮುಚ್ಚಿಸತೊಡಗಿದೆ.

“ಯಾಕ್ರಿ ಮಾಸ್ತರ, ನಮ್ಮ ಮಾರಿ ನೋಡಿ ಬ್ಯಾಸರಾತೇನು?” ಎಂದಳು ಶಾಂತವ್ವ.

“ಭೂಕಂಪ ಬಂದರೆ ಗೋಡೆ ಬೀಳುತ್ತದಮ್ಮ.”

“ಬಂದಾಗ ಒದರ್ತೇನಿ, ಓಡಿ ಹೊರಗ ಬರ್ರಿ. ಅದಕ್ಕ ಕಿಡಕಿ ಯಾಕ ಮುಚ್ಚತೀರಿ?”

ಅವಳ ಮಾತಿಗೆ ಪುಸ್ತಕದ ಆಧಾರವಿರಲಿಲ್ಲ. ಸರಕಾರಿ ಪರ್ಮಿಟ್ಟಿನ ಮೇಲೆ ಸಿಕ್ಕ ಸಿಮೆಂಟಿನಲ್ಲಿ ಕಿಟಕಿ ಮುಚ್ಚಿತು. ಆ ಮೇಲೆ ಎಂಟು ದಿನ ಮನೆಯಲ್ಲಿ ನನ್ನ ಕೆಮ್ಮಿನ ಹೊರತು ಬೇರೆ ದನಿಯಿಲ್ಲ.

ಒಂಬತ್ತನೆಯ ದಿನ ಸಾರಾಂಶ ಓದಿದ ಸಾಹೇಬರು, ನಾನು ಕಿಟಕಿ ಮುಚ್ಚಿಸಿದ್ದನ್ನು ಕೇಳಿ ನಕ್ಕರು: “ಬರವಣಿಗಿ ಭಾಳ ಛಲೋ ಐತ್ರಿ. ಆದ್ರ ಈ ಕಿಡಕಿ ನಿಯಮ ಜೋರ ನೆಲ ನಡುಗೋ ಸೀಮಿಗಿ. ನಿಮ್ಮ ಒಂದಂಕಣದ ಸಣ್ಣ ಮನಿಗಿ ಯಾರು ಹೇಳಿದ್ರು?” ಯಾವ ನಿಯಮ ಯಾವ ಪ್ರದೇಶಕ್ಕೆ ಅನ್ವಯವೆಂಬುದು ಮೊದಲ ಪುಟದಲ್ಲೇ ಇತ್ತು. ಪೀಠಿಕೆಯೆಂದು ಅದನ್ನು ದಾಟಿದ್ದೆ.

ಕಿಟಕಿ ಮತ್ತೆ ತೆರೆಸಲು ಭೀಮಪ್ಪನ ಬಳಿಗೆ ಓಡಿದೆ. “ಈಗ ಒಡದ್ರ ಗ್ವಾಡಿ ಮೂಲೀನ ಬಿರೀತೈತ್ರಿ. ನಾ ಕೈ ಹಚ್ಚಂಗಿಲ್ಲ,” ಎಂದ.

ಉಳಿದದ್ದು ಓಣಿ ಸುತ್ತಿ ಹೋಗುವ ದಾರಿ. ನೆರೆಯಲ್ಲಿದ್ದ ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಶಾಂತವ್ವನ ಮುಂಬಾಗಿಲಿಗೆ ಹೋಗಿ ನಿಂತೆ. “ಏನ್ ಬಂದ್ರಿ ಮಾಸ್ತರ?” ಎಂದಳು. ಒಬ್ಬನೇ ಕೂತು ಸಾಕಾಯಿತೆಂದು ಹೇಳಲು ನಾಲಿಗೆ ಏಳಲಿಲ್ಲ. “ನಿಮ್ಮ ಗೋಡೆಯ ಬಲವನ್ನು ಪರೀಕ್ಷಿಸಬೇಕಾಗಿದೆ,” ಎಂದೆ.

“ಒಳಗ ಬರ್ರಿ. ಚಹಾ ಕುಡದು ಪರೀಕ್ಷಾ ಮಾಡ್ರಿ.”

ಒಂದು ತಾಸು ಪರೀಕ್ಷಿಸಿದೆ. ಗೋಡೆ ಕಲ್ಲುಗುಂಡಿನಂತಿತ್ತು. ಆದರೂ ಏಳುವಾಗ ಗಂಭೀರವಾಗಿ, “ಸಂಶಯವಿದೆ, ನಾಳೆಯೂ ಬಂದು ನೋಡಬೇಕಾದೀತು,” ಎಂದೆ. ನನ್ನ ಜೀವಮಾನದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ವರದಿ ಅದು.