ಬೋರಿಂಗಿನ ಹಿಡಿಯ ವಿಷಯವಾಗಿ ಇಬ್ಬರು ಮುಸುಕುವೀರರಿಗೆ

ಶ್ರೀಮಾನ್ ನಿಶಾಗರುಡ ಹಾಗೂ ಶ್ರೀಮಾನ್ ಸೇಡಿನ ಸರದಾರ ಇವರ ದಿವ್ಯ ಸನ್ನಿಧಾನಕ್ಕೆ,
ತಮ್ಮ ಚಿತ್ರಕಥೆಗಳನ್ನು ಅಚ್ಚು ಹಾಕುವ ಮಾಸಿಕದ ಕಚೇರಿಯ ಮುಖಾಂತರ.

ಏಪ್ರಿಲ್ ೧೯೮೪

ಮಾನ್ಯರೇ,

ರಾಯಚೂರು ಜಿಲ್ಲೆಯ ಬಿಸಿಲಿನಿಂದ ತಮ್ಮಿಬ್ಬರಿಗೂ ನೂರು ನಮಸ್ಕಾರಗಳು. ಇಲ್ಲಿ ತಲೆಯ ಮೇಲೆ ಸೆರಗು ಹೊದ್ದರೇ ಬೆವರು ಕಿತ್ತುಕೊಂಡು ಬರುತ್ತಿರುವಾಗ, ತಾವು ಮುಖಕ್ಕೆ ಮುಸುಕು, ಮೈಗೆ ಕರಿ ನಿಲುವಂಗಿ, ಕೈಗೆ ಗವಸು ತೊಟ್ಟುಕೊಂಡು ಲೋಕಸೇವೆ ಮಾಡುತ್ತಿದ್ದೀರಲ್ಲ, ತಮ್ಮ ಆರೋಗ್ಯ ಹೇಗಿದೆಯೋ ಎಂಬ ಚಿಂತೆ ನಮ್ಮ ಕೇರಿಗೆಲ್ಲ ಇದೆ. ನಾನು ಅಮರಮ್ಮ. ದೇವದುರ್ಗದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮಾನ್ವಿ ತಾಲ್ಲೂಕಿನಲ್ಲಿ ಮಲ್ಲಟದಿಂದ ಆಚೆಗಿರುವ ಒಂದು ಊರಿಗೆ ಸೊಸೆಯಾಗಿ ಬಂದು, ಕೇರಿಯ ಹೆಂಗಸರಿಗೆ ವಯಸ್ಕರ ಶಿಕ್ಷಣದಲ್ಲಿ ಅಕ್ಷರ ಕಲಿಸುತ್ತಿರುವವಳು. ಊರಿನ ಹೆಸರನ್ನು ಈ ಸಲ ಬರೆಯುತ್ತಿಲ್ಲ. ಕಾರಣ ಮುಂದೆ ತಮಗೇ ತಿಳಿಯುತ್ತದೆ.

ತಮ್ಮ ಪರಿಚಯವಾದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಸರಕಾರ ಕೊಟ್ಟ ಪಾಠದ ಪುಸ್ತಕದಲ್ಲಿ ಅರಸನು ಆನೆಯನ್ನು ಏರುವಷ್ಟರಲ್ಲಿ ನನ್ನ ವಿದ್ಯಾರ್ಥಿನಿಯರು ಗೊರಕೆ ಹೊಡೆಯುತ್ತಿದ್ದರು. ಬೆಳಗಿನಿಂದ ಸೊಂಟ ಬಗ್ಗಿಸಿ ಭತ್ತ ನಾಟಿ ಮಾಡಿದವರನ್ನು ಆನೆ ಎಬ್ಬಿಸಲಾರದು. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ರದ್ದಿ ಪುಸ್ತಕ ಮಾರುವ ಅಬ್ದುಲ್ ವಹೀದ್ ಎಂಬುವರು ತಮ್ಮಿಬ್ಬರ ಹಳೆಯ ಸಂಚಿಕೆಗಳ ಒಂದು ಕಟ್ಟನ್ನು ನನ್ನ ಕೈಗಿತ್ತು, ದೊಡ್ಡ ಅಕ್ಷರ ಬೇಕಾದರೆ ಇದಕ್ಕಿಂತ ದೊಡ್ಡದು ಎಲ್ಲೂ ಸಿಗುವುದಿಲ್ಲ ಎಂದರು. ಅವರ ಮಾತು ನಿಜವಾಯಿತು. ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಬದುವಿನ ಮೇಲೆ ಕೂತು ಒಬ್ಬಳು ಓದುವುದು, ಉಳಿದವರು ಉಣ್ಣುತ್ತ ಚಿತ್ರ ನೋಡುವುದು ನಮ್ಮ ಪದ್ಧತಿಯಾಯಿತು. ಅರವತ್ತು ದಾಟಿದ ನಮ್ಮ ತಿಮ್ಮವ್ವ ಜೀವನದಲ್ಲಿ ಮೊಟ್ಟಮೊದಲು ಓದಿದ ಶಬ್ದ 'ಢಮಾರ್'. ಈ ಶೈಕ್ಷಣಿಕ ಸಾಧನೆಗೆ ತಮಗೆ ಸರಕಾರ ಒಂದು ಶಾಲು ಹೊದಿಸಬೇಕಿತ್ತು.

ಓದುತ್ತಾ ಓದುತ್ತಾ ಕೇರಿಯಲ್ಲಿ ಎರಡು ಪಕ್ಷಗಳಾದವು. ನಿಶಾಗರುಡರೇ, ಮೊದಲು ತಮ್ಮ ವಿಷಯ. ತಾವು ಹಗಲು ಹೊತ್ತಿನಲ್ಲಿ ಏಳು ಅಂತಸ್ತಿನ ಬಂಗಲೆಯ ಜಮೀನ್ದಾರರು, ಕತ್ತಲಾದ ಮೇಲೆ ಕಳ್ಳರ ಶತ್ರು. ಯಾರನ್ನೂ ಕೊಲ್ಲುವುದಿಲ್ಲ. ಕಳ್ಳನನ್ನು ರೇಷ್ಮೆ ಹಗ್ಗದಲ್ಲಿ ಕಟ್ಟಿ, ಠಾಣೆಯ ಬಾಗಿಲಲ್ಲಿ ಇಟ್ಟು, ಒಂದು ಗರಿ ಸಿಕ್ಕಿಸಿ ಹೊರಟುಬಿಡುತ್ತೀರಿ. ಠಾಣೆಯವರು ಅರ್ಜಿ ಎಲ್ಲಿ, ಸಾಕ್ಷಿ ಯಾರು ಎಂದು ಒಂದು ಮಾತೂ ಕೇಳದೆ ಒಳಗೆ ಹಾಕಿಕೊಳ್ಳುತ್ತಾರೆ. ಅಂಥ ಠಾಣೆ ಯಾವ ತಾಲ್ಲೂಕಿನಲ್ಲಿದೆ ಎಂದು ದಯವಿಟ್ಟು ತಿಳಿಸಿದರೆ ನಾವು ಅಲ್ಲಿಗೇ ಗುಳೆ ಹೋಗುತ್ತೇವೆ. ಕಳೆದುಹೋದ ಆಸ್ತಿಯೆಲ್ಲ ಕಡೆಯ ಪುಟದಲ್ಲಿ ಆಸ್ತಿವಂತರಿಗೇ ಮರಳುವುದರಿಂದ, ಕಳೆದುಕೊಳ್ಳಲು ಏನಾದರೂ ಇರುವವರಿಗೆಲ್ಲ ತಾವು ಅಚ್ಚುಮೆಚ್ಚು. ನಮ್ಮ ಊರಿನ ಸಾಹುಕಾರರು ತಮ್ಮ ಮಾಸಿಕಕ್ಕೆ ವರ್ಷದ ಚಂದಾದಾರರು, ತಮ್ಮ ಪರಮ ಭಕ್ತರು. ಆದರೆ ತಿಮ್ಮವ್ವನದು ಒಂದೇ ತಕರಾರು. "ಆ ಬಿಳಿ ಕೈಗವಸು ದಿನಾ ಒಗಿಯಾಕಿ ಯಾರಬೇ? ರಕ್ತದ ಕಲಿ ಒಗದಾಕಿಗಿ ಧಣಿ ಎಲ್ಲಿಗಿ ಹೋಗಿದ್ದಾ ಅಂತ ಗೊತ್ತಾಗಂಗಿಲ್ಲೇನು?" ಎಂದಳು. ನಲವತ್ತು ಸಂಚಿಕೆಗಳಲ್ಲಿ ದೇಶದ ಪೊಲೀಸರಿಗೇ ಪತ್ತೆಯಾಗದ ತಮ್ಮ ಗುಟ್ಟನ್ನು ನಮ್ಮ ತಿಮ್ಮವ್ವ ಎರಡನೆಯ ಸಂಚಿಕೆಯಲ್ಲಿಯೇ ಹಿಡಿದುಬಿಟ್ಟಳು, ಕ್ಷಮಿಸಬೇಕು.

ಸರದಾರರೇ, ತಮ್ಮ ಆಕರ್ಷಣೆಯ ಪರಿಯೇ ಬೇರೆ. ತಾವು ಲಾರಿ ಓಡಿಸಿಕೊಂಡಿದ್ದವರು, ತಮ್ಮನನ್ನು ಕಳೆದುಕೊಂಡವರು, ಮೂಗಿನ ಮೇಲಕ್ಕೆ ಕರವಸ್ತ್ರ ಕಟ್ಟಿ ಕೈಯಲ್ಲಿ ಸರಪಳಿ ಹಿಡಿದವರು. ತಮಗೆ ಠಾಣೆ ಬೇಡ, ಕೋರ್ಟು ಬೇಡ, ಮೂವತ್ತೊಂದನೆಯ ಪುಟದಲ್ಲಿ ತೀರ್ಪು, ಮೂವತ್ತೆರಡನೆಯ ಪುಟದಲ್ಲಿ ಧೂಳು. ತಮ್ಮ ಸರಪಳಿ ಬೀಸಿತೆಂದರೆ ನಮ್ಮ ಹೆಂಗಸರು ಬಾಯಲ್ಲಿದ್ದ ರೊಟ್ಟಿ ಅಗಿಯುವುದನ್ನೇ ನಿಲ್ಲಿಸುತ್ತಿದ್ದರು. ಸುಳ್ಳೇಕೆ ಹೇಳಲಿ, ಓದುತ್ತಿದ್ದ ನನ್ನ ದನಿಯೂ ಏರುತ್ತಿತ್ತು. ಆದರೂ ಅವರಲ್ಲೊಬ್ಬಳಾದ ದುರುಗಮ್ಮ ಒಂದು ದಿನ ರೊಟ್ಟಿ ಕೆಳಗಿಟ್ಟು ಕೇಳಿದಳು: "ಇಂವಾ ಹೊಡದು ಹೋಗ್ತಾನ. ಮರುದಿನ ಪೊಲೀಸ್ರು ಬಂದು ಆ ಕೇರಿ ಮಂದಿಗಿ ಹೊಡಿಯಂಗಿಲ್ಲೇನು? ಆ ಪುಟ ಯಾಕ ಅಚ್ಚಾಕಿಲ್ಲ?" ನಾನು ಕಟ್ಟನ್ನೆಲ್ಲ ತಿರುವಿ ಹಾಕಿದೆ. ಮೂವತ್ತಮೂರನೆಯ ಪುಟದಲ್ಲಿ ಹಲ್ಲುಪುಡಿಯ ಜಾಹೀರಾತು ಇತ್ತು.

ಇಷ್ಟೊತ್ತಿಗೆ ನಮಗೇ ಒಬ್ಬ ವೀರ ಬೇಕಾಗುವ ಪ್ರಸಂಗ ಬಂತು. ನಮ್ಮ ಕೇರಿಗೆ ಇರುವುದು ಒಂದೇ ಬೋರಿಂಗು, ಹಿಡಿ ಒತ್ತಿ ನೀರೆತ್ತುವ ಕೈಪಂಪು. ಹೋದ ವರ್ಷ ನಾಟಿಯ ಕಾಲಕ್ಕೆ ಹನ್ನೊಂದು ಮಂದಿ ಹೆಂಗಸರು ಸಾಹುಕಾರರ ಹೊಲ ಬಿಟ್ಟು, ಮೊದಲೇ ಮಾತು ಕೊಟ್ಟಿದ್ದ ಪೋತ್ನಾಳದ ಸುಂಕಪ್ಪ ಎಂಬ ಸಣ್ಣ ರೈತರ ಗದ್ದೆಗೆ ಹೋದರು. ಸಂಜೆ ಮರಳಿ ಬಂದು ನೋಡಿದರೆ ಬೋರಿಂಗು ಇದೆ, ಅದರ ಹಿಡಿ ಇಲ್ಲ. ಸಾಹುಕಾರರ ಆಳುಗಳು ಬಿಚ್ಚಿಕೊಂಡು ಹೋಗಿದ್ದರು. ಪೋತ್ನಾಳದಲ್ಲಿ ಕೆಲಸ ಮಾಡುವವರು ಪೋತ್ನಾಳದಲ್ಲಿಯೇ ನೀರು ಕುಡಿಯಲಿ ಎಂದು ಅವರು ಕಟ್ಟೆಯ ಮೇಲೆ ಕೂತು ಹೇಳಿದ್ದನ್ನು ಕೇಳಿದವರು ಬಹಳ ಮಂದಿ, ಹೇಳಿದ್ದಾರೆಂದು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಅಂದಿನಿಂದ ನಾವು ಕಾಲುವೆಯ ರಾಡಿ ನೀರನ್ನು ಸೀರೆಯಲ್ಲಿ ಸೋಸಿ ಕುಡಿದೆವು. ದುರುಗಮ್ಮನ ಮೊಮ್ಮಗಳು ವಾಂತಿ ಭೇದಿಯಾಗಿ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಒಂದು ಸರಕಾರಿ ಕಚೇರಿಗೆ ಅರ್ಜಿ ಕೊಟ್ಟೆವು. ಅರ್ಜಿ ಪರಿಶೀಲನೆಯಲ್ಲಿದೆ ಎಂದರು, ಹಿಡಿ ಎಲ್ಲಿದೆ ಎಂಬುದಕ್ಕೆ ಪುರಾವೆ ತನ್ನಿ ಎಂದರು, ವರ್ಷ ಕಳೆಯಿತು.

ಆಗ ತಮ್ಮ ಮಾಸಿಕದ ಕೊನೆಯ ಪುಟದಲ್ಲಿ ಒಂದು ಪ್ರಕಟಣೆ ಕಂಡಿತು. ನಿಮಗೆ ಅನ್ಯಾಯವಾಗಿದೆಯೇ, ನಿಮ್ಮ ಮೆಚ್ಚಿನ ವೀರನಿಗೆ ಬರೆಯಿರಿ, ಪ್ರತಿ ಓಲೆಗೂ ಉತ್ತರ ಖಂಡಿತ ಎಂದಿತ್ತು. ತಾವು ಕಾಗದದ ಮೇಲೆ ಮಾತ್ರ ಇದ್ದೀರೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಮ್ಮ ಅರ್ಜಿಯೂ ಒಂದು ವರ್ಷದಿಂದ ಕಾಗದದ ಮೇಲೆಯೇ ಇತ್ತು, ಉತ್ತರ ಖಂಡಿತ ಎಂದು ಹೇಳಿದವರು ಈ ಲೋಕದಲ್ಲಿ ತಾವಿಬ್ಬರೇ. ನಮಗೆ ಓಲೆ ಬರೆದು ಅಭ್ಯಾಸವಿಲ್ಲ, ಅರ್ಜಿ ಬರೆದು ಮಾತ್ರ ಅಭ್ಯಾಸ. ಆದ್ದರಿಂದ ವಿಷಯ, ಉಲ್ಲೇಖ, ಊರು, ಅಂಚೆ, ತಾಲ್ಲೂಕು ಎಲ್ಲ ನಮೂದಿಸಿ, ಸಾಹುಕಾರರ ಹೆಸರನ್ನು ಸ್ಪಷ್ಟವಾಗಿ ಕಾಣಿಸಿ, ಹನ್ನೊಂದು ಹೆಂಗಸರ ಹೆಸರನ್ನೂ ಅದರ ಮುಂದೆ ಹೆಬ್ಬೆಟ್ಟನ್ನೂ ಹಾಕಿಸಿ, ತಮ್ಮಿಬ್ಬರಿಗೂ ಒಂದೊಂದರಂತೆ ಎರಡು ಪ್ರತಿ ಕಳಿಸಿದೆವು. ಒಬ್ಬರಿಗೆ ಕಳಿಸಿದರೆ ಇನ್ನೊಬ್ಬರು ಬೇಸರ ಮಾಡಿಕೊಂಡಾರು ಎಂಬ ದಾಕ್ಷಿಣ್ಯ.

ತಾವು ಮಾತು ಉಳಿಸಿಕೊಂಡಿರಿ. ಎರಡು ತಿಂಗಳಿಗೆ ನಮ್ಮ ಅರ್ಜಿ, ಹೆಸರು ವಿಳಾಸ ಒಂದನ್ನೂ ಬಿಡದೆ, ಮಾಸಿಕದ ಓಲೆಗಳ ಪುಟದಲ್ಲಿ ಚೌಕಟ್ಟಿನೊಳಗೆ ಅಚ್ಚಾಯಿತು. ಬಿಟ್ಟದ್ದು ಸಾಹುಕಾರರ ಹೆಸರೊಂದನ್ನೇ, ಅವರು ಚಂದಾದಾರರಲ್ಲವೇ. ಕೆಳಗೆ ತಮ್ಮಿಬ್ಬರ ಜಂಟಿ ಉತ್ತರವಿತ್ತು: ಪ್ರೀತಿಯ ಪುಟಾಣಿಗಳೇ, ನಿಮ್ಮ ಕಲ್ಪನೆ ಬಲು ಸೊಗಸಾಗಿದೆ, ಹೀಗೆಯೇ ಬರೆಯುತ್ತಿರಿ, ಸಮಾಧಾನಕರ ಬಹುಮಾನವಾಗಿ ಒಂದು ಕಾಗದದ ಮುಸುಕು ಕಳಿಸುತ್ತಿದ್ದೇವೆ. ಹನ್ನೊಂದು ಪುಟಾಣಿಗಳಲ್ಲಿ ಏಳು ಮಂದಿಗೆ ಮೊಮ್ಮಕ್ಕಳಿದ್ದಾರೆ ಎಂಬುದನ್ನು ವಿನಯಪೂರ್ವಕ ತಮ್ಮ ಗಮನಕ್ಕೆ ತರುತ್ತೇನೆ.

ಸ್ವಾಮಿ, ಒಂದೇ ಪ್ರಶ್ನೆ. ತಮ್ಮ ಹೆಸರು ಹೊರಗೆ ಬಿದ್ದರೆ ತಮಗೆ ಅಪಾಯವೆಂದು ಸಂಚಿಕೆಗೊಂದು ಸಲ ಬೆವರುತ್ತೀರಿ, ತಮ್ಮನ್ನು ಪ್ರೀತಿಸಿದ ಹುಡುಗಿಯರಿಗೂ ಹೇಳುವುದಿಲ್ಲ. ನಮ್ಮ ತಿಮ್ಮವ್ವ, ದುರುಗಮ್ಮ, ಮೂಕಮ್ಮ ಇವರ ಹೆಸರಿಗೆ ಮಾತ್ರ ಯಾವ ಅಪಾಯವೂ ಇಲ್ಲವೆಂದು ತಮಗೆ ಯಾರು ಹೇಳಿದರು? ಸಾಹುಕಾರರು ತಮ್ಮ ಪ್ರತಿಯನ್ನು ಹಿಡಿದುಕೊಂಡು ಕೇರಿಗೆ ಬಂದು, ಹನ್ನೊಂದು ಹೆಸರನ್ನೂ ಹಾಜರಿ ಕೂಗಿದ ಹಾಗೆ ಕೂಗಿ, ಇವರಿಗೆ ಈ ಊರಿನಲ್ಲಿ ಯಾರೂ ಕೆಲಸ ಕೊಡಬಾರದೆಂದು ಸಾರಿ ಹೋದರು. ಆ ಹೆಸರುಗಳನ್ನು ಬರೆದ ಕೈ ನನ್ನದು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ತಮ್ಮ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ನನಗೆ ಬಂದ ಸಿಟ್ಟು ದೊಡ್ಡದು.

ಮೂರನೆಯ ದಿನ ತಿಮ್ಮವ್ವ ನನ್ನ ಬಾಗಿಲಿಗೆ ಬಂದು, "ಹೆಸರು ಹೊರಗ ಬಿದ್ದಾದ ಮ್ಯಾಲ ಇನ್ನೇನು ಮುಚ್ಚಿಡೋದದ, ನಡಿಬೇ" ಎಂದಳು. ಹನ್ನೊಂದು ಮಂದಿಯೂ ನಾನೂ ನಡುಮಧ್ಯಾಹ್ನ, ಊರೆಲ್ಲ ನೋಡುತ್ತಿರುವಾಗ, ಸಾಹುಕಾರರ ದನದ ಕೊಟ್ಟಿಗೆಗೆ ಹೋದೆವು. ಹಿಡಿ ಅಲ್ಲಿರುವುದು ಸಗಣಿ ಬಾಚುವವರಿಗೆಲ್ಲ ಗೊತ್ತಿತ್ತು, ಅದನ್ನು ನೆಲಕ್ಕೆ ಹೂಳಿ ಎಮ್ಮೆ ಕಟ್ಟುವ ಗೂಟ ಮಾಡಿದ್ದರು. ತಿಮ್ಮವ್ವ ಎಮ್ಮೆಯನ್ನು ಬಿಚ್ಚಿ ಕಂಬಕ್ಕೆ ಕಟ್ಟಿ, ಮೇವು ಅದರ ಮುಂದಕ್ಕೆ ಸರಿಸಿ, ಹಿಡಿ ಕಿತ್ತು ಹೆಗಲ ಮೇಲೆ ಹೊತ್ತು ಬಂದಳು. ಒಂದು ಢಮಾರ್ ಕೂಡ ಆಗಲಿಲ್ಲ. ಚಿತ್ರ ಬರೆಯುವವರಿಗೆ ಬಹಳ ನಿರಾಸೆಯಾಗುತ್ತಿತ್ತು. ಅರ್ಜಿಗೆ ಒಂದು ವರ್ಷ ಹಿಡಿದ ಸರಕಾರ ಸಾಹುಕಾರರ ಫಿರ್ಯಾದಿಗೆ ಒಂದೇ ಗಂಟೆಯಲ್ಲಿ ಜೀಪು ಹತ್ತಿ ಬಂತು. ಹೆಗಲ ಮೇಲೆ ಹೊತ್ತಿದ್ದವಳ ಮೇಲೆ ಕಳವಿನ ಕೇಸು. ಹಿಡಿಗೆ ಅರಗಿನ ಮುದ್ರೆ ಒತ್ತಿ, ಮುದ್ದೇಮಾಲು, ಅಂದರೆ ಕೇಸಿನ ವಸ್ತು, ಎಂದು ಚೀಟಿ ಕಟ್ಟಿ ಒಯ್ದರು. ಸಾಹುಕಾರರ ಕೊಟ್ಟಿಗೆಯಲ್ಲಿದ್ದ ಹಿಡಿ ಈಗ ಸರಕಾರದ ಕೊಟ್ಟಿಗೆಯಲ್ಲಿದೆ, ಬೋರಿಂಗು ಮೊದಲಿನ ಹಾಗೆಯೇ ಇದೆ.

ಆದ್ದರಿಂದ ತಮ್ಮಲ್ಲಿ ಎರಡು ಸಣ್ಣ ಬೇಡಿಕೆಗಳು. ನಿಶಾಗರುಡರೇ, ತಿಮ್ಮವ್ವನಿಗೆ ಜಾಮೀನು ನಿಲ್ಲಲು ಪಹಣಿ ಇರುವವರು ಬೇಕು, ಕೇರಿಯಲ್ಲಿ ಯಾರಿಗೂ ಗೇಣು ಹೊಲವಿಲ್ಲ. ತಮಗೆ ಏಳು ಅಂತಸ್ತಿನ ಬಂಗಲೆ ಇದೆ. ಮಾನ್ವಿ ಕೋರ್ಟಿಗೆ ಬಂದು, ಮುಸುಕು ತೆಗೆದು, ತಂದೆಯ ಹೆಸರು ಸಹಿತ ರುಜು ಹಾಕಬೇಕಾಗುತ್ತದೆ, ಅಷ್ಟೇ. ಸರದಾರರೇ, ತಮ್ಮ ಜಾಮೀನು ನಡೆಯುವುದಿಲ್ಲ, ಮನೆಯಿಲ್ಲದವರನ್ನು ಕೋರ್ಟು ನಂಬುವುದಿಲ್ಲ. ತಾವು ಸಾಕ್ಷಿಗೆ ಬನ್ನಿ. ತಾವಿಬ್ಬರೂ ಸೇರಿ ಇನ್ನೂರು ಮನೆಗಳ ಬಾಗಿಲು ಮುರಿದು ಒಳಗೆ ಹೋಗಿದ್ದೀರಿ, ಒಂದು ಸಮನ್ಸೂ ಬಂದಿಲ್ಲ. ಆ ಉಪಾಯವನ್ನು ಅರವತ್ತರ ಮುದುಕಿಗೂ ಹೇಳಿಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಕು.

ತಮ್ಮ ಸಾಹಸಗಳಿಗೆ ಎಂದೂ ಸಾಕ್ಷಿಗಳ ಕೊರತೆಯಾಗದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಅಮರಮ್ಮ
(ಹನ್ನೊಂದು ಪುಟಾಣಿಗಳ ಪರವಾಗಿ)

ತಾ.ಕ.: ಪತ್ರ ಅಂಚೆಗೆ ಹಾಕುವ ಮುಂಚೆ ಕೆಲವು ಬದಲಾವಣೆಗಳಾಗಿವೆ. ಜಾಮೀನಿಗೆ ಪೋತ್ನಾಳದ ಸುಂಕಪ್ಪನವರು ತಮ್ಮ ಎರಡೆಕರೆಯ ಪಹಣಿ ಹಿಡಿದುಕೊಂಡು, ಮುಖ ತೋರಿಸಿಕೊಂಡೇ ಬಂದರು. ಸಾಹುಕಾರರ ಫಿರ್ಯಾದಿಯ ನಕಲು ನಮಗೆ ಸಿಕ್ಕಿತು. ಕೇರಿಯ ಬೋರಿಂಗಿನ ಹಿಡಿ ವರ್ಷದಿಂದ ನನ್ನ ಕೊಟ್ಟಿಗೆಯಲ್ಲಿತ್ತು, ಅದನ್ನು ಕದ್ದಿದ್ದಾರೆ ಎಂದು ಅವರೇ ಬರೆದು, ಕೆಳಗೆ ತಮ್ಮ ಅಂದವಾದ ರುಜು ಹಾಕಿದ್ದಾರೆ. ಓದಿ ಹೇಳುತ್ತಿದ್ದ ನನ್ನನ್ನು ತಿಮ್ಮವ್ವ ತಡೆದು, ಇನ್ನೊಮ್ಮೆ ಓದಿಸಿ, "ಆ ಕಚೇರಿಯವ್ರು ಒಂದು ವರ್ಷದಿಂದ ಕೇಳಿದ ಪುರಾವೆ ಇದೇ ಅಲ್ಲೇನಬೇ?" ಎಂದಳು. ಅಂದಿನಿಂದ ಸಾಹುಕಾರರು ಎರಡು ಸಲ ಮಂದಿಯನ್ನು ಕಳಿಸಿ ರಾಜಿಗೆ ಕರೆದಿದ್ದಾರೆ, ತಿಮ್ಮವ್ವ ಒಪ್ಪುತ್ತಿಲ್ಲ. ಎಮ್ಮೆಯ ಕೊಟ್ಟಿಗೆಯಲ್ಲಿ ಬೋರಿಂಗಿನ ಹಿಡಿಗೆ ಏನು ಕೆಲಸವೆಂದು ನ್ಯಾಯಾಧೀಶರು ಕೇಳುವುದನ್ನು ಕಣ್ಣಾರೆ ನೋಡಲು ತಾರೀಖಿನ ದಿನ ಕೇರಿಗೆ ಕೇರಿಯೇ ಮಾನ್ವಿಗೆ ಹೊರಟಿದೆ. ತಾವಿಬ್ಬರೂ ದಯವಿಟ್ಟು ಬರಬೇಡಿ, ಜಾಗ ಸಾಲುವುದಿಲ್ಲ.